ಯಾವ ಸಮುದ್ರಕ್ಕ ಹೋಗೂಣು?

ನಾನು ಸಣ್ಣವಳಿದ್ದಾಗ ನಮ್ಮ ಬ್ಯಾಡಗಿಯಲ್ಲಿ ನೀರು ಅಂದರೆ ಕೊಡದಲ್ಲಿ ಇರುವಂಥದ್ದು. ನಳ ಬರುತ್ತಿದ್ದದ್ದು ವಾರಕ್ಕೊಮ್ಮೆ. ಬಂದ ದಿನ ಓಣಿಯ ಹೆಂಗಸರೆಲ್ಲ ಕೊಡ, ಬಕೀಟು, ಹಂಡೆ ತುಂಬಿಸಿ, ಕೊನೆಗೆ ಚಹಾ ಕಾಸುವ ಪಾತೇಲಿಯನ್ನೂ ಬಿಡದೆ ತುಂಬಿಸಿಡುತ್ತಿದ್ದರು. ಕೈ ತೊಳೆಯುವಾಗ ಒಂದು ತಂಬಿಗೆ ಹೆಚ್ಚು ಸುರಿದರೆ ಬೆನ್ನ ಮೇಲೆ ಗುದ್ದು ಬೀಳುತ್ತಿತ್ತು. ನಾನು, ನನ್ನ ತಮ್ಮ ಮಂಜ್ಯಾ ಹತ್ತಿರದಿಂದ ನೋಡಿದ್ದ ದೊಡ್ಡ ನೀರೆಂದರೆ ಕಾಗಿನೆಲೆಯ ಕೆರೆ ಒಂದೇ. ಅವ್ವನ ತವರು ಐರಣಿಯಲ್ಲಿ ತುಂಗಭದ್ರೆ ಹರಿಯುತ್ತಿದ್ದಳು ನಿಜ, ಆದರೆ ಅವ್ವ ನಮ್ಮನ್ನು ಹೊಳೆಯ ದಂಡೆಗೆ ಬಿಡುತ್ತಿರಲಿಲ್ಲ. ಸೂಟಿಗೆ ಹೋದಾಗ ಅಜ್ಜನ ಮನೆಯ ಮಾಳಿಗೆ ಏರಿ, ದೂರದಲ್ಲಿ ಮಿಂಚುವ ನೀರನ್ನು ಅಲ್ಲಿಂದಲೇ ನೋಡಿ ಇಳಿಯಬೇಕು. ಯಾಕೆ ಅಂತ ಕೇಳಿದರೆ, "ಹೊಳಿ ಅಂದ್ರ ಆಟಗಿ ಸಾಮಾನಲ್ಲ" ಅನ್ನುತ್ತಿದ್ದಳು. ಮಾತು ಅಲ್ಲಿಗೆ ಮುಗಿಯಿತು.

ಅಪ್ಪನದು ಮಾರ್ಕೆಟ್ಟಿನ ಹತ್ತಿರ ಚೀಲದ ಅಂಗಡಿ. ಮೆಣಸಿನಕಾಯಿ ತುಂಬುವ ಗೋಣಿಚೀಲ, ಹೊಲಿಯುವ ಸುತಳಿ, ದಬ್ಬಣ. ಜನವರಿಯಿಂದ ಏಪ್ರಿಲ್ ತನಕ ಊರಿನ ಗಾಳಿಯೇ ಕೆಂಪಗಿದೆಯೇನೋ ಅನ್ನಿಸುತ್ತಿತ್ತು. ಹೊರಗಿನಿಂದ ಬಂದವರು ಬಸ್ಸಿಳಿದ ಕೂಡಲೇ ಸೀನುತ್ತಿದ್ದರು. ನಮಗೆ ಸೀನು ಬರುತ್ತಿರಲಿಲ್ಲ, ಆದರೆ ಸಂಜೆ ಅಪ್ಪ ಮನೆಗೆ ಬಂದು ಅಂಗಿ ಕಳಚಿ ಗೂಟಕ್ಕೆ ಹಾಕಿದರೆ ಪಡಸಾಲೆಯಲ್ಲಿ ಕುಳಿತಿದ್ದ ನಾವೆಲ್ಲ ಸಾಲಾಗಿ ಕೆಮ್ಮುತ್ತಿದ್ದೆವು. ಆಗ ನಾಲ್ಕು ವರ್ಷದವನಾಗಿದ್ದ ಮಂಜ್ಯಾ ಅಂತೂ ಆ ಅಂಗಿಗೇ ಬೈಯುತ್ತಿದ್ದ.

ನಾನು ನಾಲ್ಕನೇ ಇಯತ್ತೆ ಮುಗಿಸಿದ ಬೇಸಿಗೆ ಅದು. ಮಾರ್ಕೆಟ್ಟಿನ ಗದ್ದಲ ತಗ್ಗಿತ್ತು. ಒಂದು ಸಂಜೆ ಅಪ್ಪ ಕಾಲು ತೊಳೆದು ಬಂದು, ಊಟಕ್ಕೆ ಕೂಡುವ ಮೊದಲೇ ಹೇಳಿದ:

"ಈ ಸೂಟಿಯಾಗ ಹುಡುಗರಿಗೆ ಸಮುದ್ರ ತೋರಸೂಣು."

ಕುಂಟಾಟ ಆಡಿ ಬಂದು ಏದುಸಿರು ಬಿಡುತ್ತಿದ್ದ ನಾನು ಹಾಗೇ ನಿಂತುಬಿಟ್ಟೆ. ಸಮುದ್ರ ಅಂದರೆ ನನ್ನ ಮಟ್ಟಿಗೆ ಸಾಲಿಯ ಗೋಡೆಗೆ ತೂಗುಹಾಕಿದ ನಕಾಶೆಯ ನೀಲಿ ಬಣ್ಣ. ಆ ನೀಲಿಯ ಮೇಲೆ ಯಾರೋ ಬೆರಳಿಟ್ಟು ಇಟ್ಟು ಅಲ್ಲೊಂದು ತೂತು ಬಿದ್ದಿತ್ತು. ಅಂಥ ಜಾಗಕ್ಕೆ ಬಸ್ಸು ಹೋಗುತ್ತದೆ ಅನ್ನುವುದೇ ನನಗೆ ಹೊಸದು.

"ಹೋಗೂದಾದ್ರ ಗೋಕರ್ಣಕ್ಕ ಹೋಗೂಣಪ್ಪಾ," ಅಂದಳು ಆಯಿ. ಆಯಿ ಅಂದರೆ ಅಪ್ಪನ ತಾಯಿ. "ನೀರ ನೋಡಿದಂಗೂ ಆತು, ದೇವರ ನೋಡಿದಂಗೂ ಆತು."

ಅಪ್ಪನ ಮನಸ್ಸು ಮುರ್ಡೇಶ್ವರದ ಮೇಲಿತ್ತು. ಯಾರದೋ ಕ್ಯಾಲೆಂಡರಿನಲ್ಲಿ ಅಲ್ಲಿಯ ದೊಡ್ಡ ಶಿವನನ್ನು ನೋಡಿದ್ದ. ಮರುದಿನ ಹಾವೇರಿಯಿಂದ ಬಂದ ಅತ್ತೆ, ಅಪ್ಪನ ತಂಗಿ, ಸುದ್ದಿ ಕೇಳಿ ನಕ್ಕಳು. ಅವಳು ಒಮ್ಮೆ ಗೋವಾಕ್ಕೆ ಹೋಗಿ ಬಂದವಳು. "ಸಮುದ್ರ ಅಂದ್ರ ಗೋವಾದ್ದು, ಅಣ್ಣಾ. ಅಲ್ಲಿ ಸಣ್ಣ ಹುಡುಗರು ಉಸುಕಿನಾಗ ಮನಿ ಕಟ್ಟಿಕೋತ ಕುಂತಬಿಡ್ತಾವು, ಎಬ್ಬಿಸಿದ್ರೂ ಏಳಂಗಿಲ್ಲ."

ಹೀಗೆ ಮೂರು ಸಮುದ್ರಗಳು ನಮ್ಮ ಪಡಸಾಲೆಗೆ ಬಂದು ಜಗಳಾಡತೊಡಗಿದವು. ಮಾತಾಡದೆ ಇದ್ದವಳು ಅವ್ವ ಒಬ್ಬಳೇ. ಅವಳು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಕೊನೆಯ ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲೆ ನೀರು ಸವರಿ, ತಿರುಗಿ ನೋಡದೆ ಅಂದಳು:

"ನೀವು ಹೋಗಿ ಬರ್ರಿ. ಹುಡುಗರ್ನ ಮಾತ್ರ ನಾ ಕಳಸಾಂಗಿಲ್ಲ."

ಅಪ್ಪನಿಗೆ ಅರ್ಥವಾಗಲಿಲ್ಲ. "ಹುಡುಗರ ಸಲುವಾಗೇ ಹೋಗೂದು ಅಲ್ಲನ?"

"ನೀರಿಗೆ ಹುಡುಗರ್ನ ಒಯ್ಯೂದು ಬ್ಯಾಡ."

"ಅಯ್ಯ, ಏನೂ ಆಗಾಂಗಿಲ್ಲ ತಗೋ. ಸಾವಿರಾರು ಮಂದಿ ಹೋಗಿ ಬರ್ತಾರ."

"ಏನೂ ಆಗಾಂಗಿಲ್ಲಂತ ನೀರು ನಿಮಗ ಹೇಳೇತೇನು?"

ಅವ್ವ ಹೆಚ್ಚು ಮಾತಿನವಳಲ್ಲ, ಅಪ್ಪನಿಗೆ ಎದುರು ಮಾತಂತೂ ಆಡುತ್ತಿರಲಿಲ್ಲ. ಅದಕ್ಕೇ ಆ ಒಂದು ಮಾತಿಗೆ ಎಲ್ಲರೂ ಸುಮ್ಮನಾದರು. ನನಗೆ ಅಳು ಬಂತು. ಸಮುದ್ರ ಇಷ್ಟು ಹತ್ತಿರ ಬಂದು ರೊಟ್ಟಿಯ ಹಂಚಿನ ಹತ್ತಿರ ನಿಂತುಬಿಟ್ಟಿತಲ್ಲ ಅಂತ.

ಆಮೇಲಿನ ದಿನಗಳಲ್ಲಿ ಅಪ್ಪ ಸಿಕ್ಕ ಸಿಕ್ಕವರನ್ನೆಲ್ಲ ವಿಚಾರಿಸಿದ. ಲಾರಿ ಡ್ರೈವರುಗಳನ್ನು, ಕಾರವಾರದಲ್ಲಿ ನೌಕರಿ ಮಾಡಿ ಬಂದ ಮಾಸ್ತರರನ್ನು, ಗುತ್ತಲದಿಂದ ಬರುವ ಬಸ್ಸಿನ ಕಂಡಕ್ಟರನನ್ನು. ಸಂಜೆ ಬಂದು ಒಂದೊಂದಾಗಿ ಅವ್ವನಿಗೆ ವರದಿ ಒಪ್ಪಿಸುತ್ತಿದ್ದ. ಅಲ್ಲಿ ನೀರು ತಿಳಿಯಾಗಿದೆಯಂತೆ, ಇಲ್ಲಿ ಇಳಿಯಲಿಕ್ಕೆ ಮೆಟ್ಟಿಲಿವೆಯಂತೆ, ಮತ್ತೊಂದು ಕಡೆ ಕುಂತು ನೋಡಲು ಕಟ್ಟೆ ಕಟ್ಟಿದ್ದಾರಂತೆ. ಅವ್ವ ಎಲ್ಲವನ್ನೂ ಕೇಳಿ ಒಂದೇ ಪ್ರಶ್ನೆ ಕೇಳುತ್ತಿದ್ದಳು. "ಅಲ್ಲಿ ಸುಳಿ ಅದಾವೋ ಇಲ್ಲೋ?" ಅಪ್ಪ ಮತ್ತೆ ಹೋಗಿ ಅದನ್ನು ಕೇಳಿಕೊಂಡು ಬರುತ್ತಿದ್ದ. ಉತ್ತರ ಮಾತ್ರ ಎಲ್ಲರದೂ ಒಂದೇ: "ಏನೂ ಆಗಾಂಗಿಲ್ಲರಿ, ಆರಾಮ ಹೋಗಿ ಬರ್ರಿ."

ನಾನು, ಮಂಜ್ಯಾ ಹಿತ್ತಲಿನಲ್ಲಿ ಸಮುದ್ರದಾಟ ಆಡುತ್ತಿದ್ದೆವು. ಹಿಟ್ಟು ನಾದುವ ಅಗಲ ಪರಾತದಲ್ಲಿ ಒಂದು ತಂಬಿಗೆ ನೀರು ಹಾಕಿ, ಎರಡೂ ಕಡೆ ಹಿಡಿದು ಅಲುಗಿಸಿದರೆ ತೆರೆ. ಆಟ ಮುಗಿದ ಮೇಲೆ ಆ ನೀರನ್ನು ತುಳಸಿಗೆ ಹಾಕಬೇಕು, ಚೆಲ್ಲುವಂತಿಲ್ಲ.

ಅಷ್ಟರಲ್ಲಿ ನಾಯ್ಕರು ಬಂದರು. ಕುಮಟಾದ ಆಚೆ ಕಡಲ ದಂಡೆಯ ಒಂದು ಸಣ್ಣ ಊರಿನಲ್ಲಿ ಅವರದು ಕಿರಾಣಿ ಅಂಗಡಿ. ವರ್ಷಕ್ಕೊಮ್ಮೆ ಬ್ಯಾಡಗಿಗೆ ಬಂದು ಮೆಣಸಿನಕಾಯಿ ಕೊಂಡು, ಅಪ್ಪನ ಅಂಗಡಿಯ ಚೀಲಗಳಲ್ಲಿ ತುಂಬಿಸಿ ಒಯ್ಯುತ್ತಿದ್ದರು. ಬಂದಾಗ ಮಧ್ಯಾಹ್ನದ ಊಟ ನಮ್ಮಲ್ಲೇ. ಜೋಳದ ರೊಟ್ಟಿ ಮುರಿಯುವುದು ಅವರಿಗೆ ಎಷ್ಟು ವರ್ಷವಾದರೂ ಬಂದಿರಲಿಲ್ಲ. ಎರಡೂ ಕೈ ಹಚ್ಚುತ್ತಿದ್ದರು, ನಾವು ಬಾಗಿಲ ಸಂದಿಯಿಂದ ನೋಡಿ ನಗುತ್ತಿದ್ದೆವು.

ಅಪ್ಪ ಅವರ ಮುಂದೆ ತನ್ನ ತೊಡಕನ್ನೆಲ್ಲ ಹೇಳಿಕೊಂಡ. ನಾಯ್ಕರು, "ನಮ್ಮೂರಿಗೇ ಬನ್ನಿ ಮಾರಾಯ್ರೆ. ಮನೆ ಉಂಟು, ಎದುರಿಗೇ ಕಡಲು ಉಂಟು," ಅಂದರು.

ಆಗ ಅವ್ವ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಹೊರಗಿನ ಗಂಡಸರೊಡನೆ ಅವಳು ಮಾತಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ನಿಮ್ಮೂರಾಗ ಸಣ್ಣ ಹುಡುಗರು ನೀರಿಗೆ ಇಳೀತಾವೇನ್ರಿ?"

ನಾಯ್ಕರು ಕೈಯಲ್ಲಿದ್ದ ತುತ್ತನ್ನು ತಾಟಿಗೆ ಇಟ್ಟರು. ಸ್ವಲ್ಪ ಯೋಚನೆ ಮಾಡಿ ಹೇಳಿದರು. "ಇಳೀತಾವೆ ತಂಗಿ. ನಮ್ಮಲ್ಲಿ ಗುಡ್ಡ ಒಂದು ಕಡಲೊಳಗೆ ಚಾಚಿಕೊಂಡಿದೆ. ಅದರ ಮಗ್ಗುಲಿಗೆ ತೆರೆ ಸಣ್ಣದು. ನಮ್ಮ ಮಕ್ಕಳೆಲ್ಲ ಅಲ್ಲೇ ಮೀಯೂದು. ಗುಡ್ಡ ಬಿಟ್ಟು ಆಚೆ ಹೋದರೆ ಸೆಳೆತ ಉಂಟು, ಅಲ್ಲಿ ನಾವೂ ಇಳಿಯೂದಿಲ್ಲ."

"ಅಂದ್ರ ಈಚಿ ಕಡೆ ಏನೂ ಆಗಾಂಗಿಲ್ಲ?"

"ಹಾಗಂತ ನಾನು ಹೇಳೂದಿಲ್ಲ ತಂಗಿ. ಕಡಲು ಕಡಲೇ. ಮಕ್ಕಳ ಕೈ ಬಿಡಬಾರದು. ಮಳೆಗಾಲ ಹತ್ತಿರ ಬಂದ ಮೇಲೆ ಬರಲೂ ಬಾರದು. ಬರೂದಾದರೆ ಈಗಲೇ ಬನ್ನಿ."

ಅಪ್ಪ ತಲೆಗೆ ಕೈ ಹೊತ್ತುಕೊಂಡ. ಇಷ್ಟು ದಿನ ಕಟ್ಟಿದ್ದನ್ನೆಲ್ಲ ಈ ಮನುಷ್ಯ ಒಂದೇ ಮಾತಿಗೆ ಕೆಡವಿದನಲ್ಲ ಅನ್ನುವಂಥ ಮುಖ. ಅವ್ವ ಮಾತ್ರ ಒಳಗೆ ಹೋಗಿ ರೊಟ್ಟಿಯ ಬುಟ್ಟಿ ತಂದಳು. ಆಮೇಲೆ ನಾಯ್ಕರ ತಾಟಿಗೆ ಇನ್ನೊಂದು ರೊಟ್ಟಿ ಹಾಕಿ, ಅಪ್ಪನ ಕಡೆ ನೋಡಿ ಕೇಳಿದಳು:

"ಯಾವಾಗ ಹೊರಡೂದು?"

ಗೋಕರ್ಣ, ಮುರ್ಡೇಶ್ವರ, ಗೋವಾ ಎಲ್ಲ ಬಿಟ್ಟು, ಹೆಸರು ಹೇಳಿದರೆ ಯಾರಿಗೂ ಗೊತ್ತಾಗದ ಊರಿಗೆ ನಾವು ಹೊರಟದ್ದು ಹೀಗೆ.

ಸಿದ್ಧತೆ ಜೋರಾಗಿ ನಡೆಯಿತು. ಅವ್ವ ವಾರವಾದರೂ ಕೆಡದ ಕಟಕ ರೊಟ್ಟಿಯ ಗೋಪುರವನ್ನೇ ಬಡಿದಿಟ್ಟಳು. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಸಿಹಿಗೆ ಮಾದ್ಲಿ. ಸಮುದ್ರದ ದಂಡೆಯಲ್ಲಿ ಊಟ ಸಿಗುತ್ತದೋ ಇಲ್ಲವೋ ಅನ್ನುವ ಚಿಂತೆ ಆಯಿಗೆ. ಅಪ್ಪ ಯಾವುದೋ ಕೆಲಸಕ್ಕೆ ರಾಣೆಬೆನ್ನೂರಿಗೆ ಹೋದವನು ಬರುವಾಗ ಅಲ್ಲಿಯ ಪಂಕ್ಚರ್ ಅಂಗಡಿಯಿಂದ ಲಾರಿಯ ಹಳೇ ಟ್ಯೂಬೊಂದನ್ನು ತಂದ. ಅದರಲ್ಲಿ ಕುಳಿತರೆ ಯಾರೂ ಮುಳುಗುವುದಿಲ್ಲವಂತೆ. ಗಾಳಿ ಇಲ್ಲದ ಆ ಕರಿಯ ಟ್ಯೂಬನ್ನು ಚೀಲದಲ್ಲಿ ಮಡಚಿ ಇಟ್ಟಾಗ ಸತ್ತ ಹಾವಿನ ಹಾಗೆ ಕಾಣುತ್ತಿತ್ತು. ಮಂಜ್ಯಾ ಆ ಚೀಲದ ಹತ್ತಿರ ಹೋಗಲೇ ಇಲ್ಲ.

ನಸುಕಿಗೆ ಎದ್ದು ಹಾವೇರಿಗೆ, ಅಲ್ಲಿಂದ ಶಿರಸಿಗೆ, ಶಿರಸಿಯಿಂದ ಇನ್ನೊಂದು ಬಸ್ಸು. ಘಟ್ಟ ಇಳಿಯುವಾಗ ಮಂಜ್ಯಾ ಆಯಿಯ ಮಡಿಲಲ್ಲಿ ಎರಡು ಸಲ ವಾಂತಿ ಮಾಡಿದ. ತಿರುವು ಬಂದಾಗಲೆಲ್ಲ ಬಸ್ಸಿನ ಒಂದು ಕಡೆಯವರು ಇನ್ನೊಂದು ಕಡೆಯವರ ಮೇಲೆ ವಾಲುತ್ತಿದ್ದರು. ಕೆಳಗೆ ಇಳಿದಂತೆ ಗಾಳಿ ಬೇರೆಯಾಯಿತು. ಮೈಗೆ ಅಂಟುವ ಗಾಳಿ. ನಾಲಿಗೆ ಚಾಚಿದರೆ ಉಪ್ಪು ಹತ್ತುತ್ತದೇನೋ ಅಂತ ನಾನು ಕಿಟಕಿಯಿಂದ ನಾಲಿಗೆ ಚಾಚಿ ಅವ್ವನಿಂದ ಬೈಸಿಕೊಂಡೆ.

ನಾಯ್ಕರ ಮನೆ ಮುಟ್ಟಿದಾಗ ಮಧ್ಯಾಹ್ನ ತಿರುಗಿತ್ತು. ಮನೆಯ ಮುಂದೆ ತೆಂಗಿನ ಮರಗಳು, ಅವುಗಳ ಆಚೆ ಏನೂ ಕಾಣದು. ಆದರೆ ಸಪ್ಪಳ ಕೇಳಿಸುತ್ತಿತ್ತು.

"ಇಲ್ಲಿ ಯಾರದರ ಖಾರ ಕುಟ್ಟೂ ಗಿರಣಿ ಐತೇನು?" ಆಯಿ ಕೇಳಿದಳು.

ನಾಯ್ಕರ ಹೆಂಡತಿ ಮೊದಲು ತಿಳಿಯದೆ ನೋಡಿ, ಆಮೇಲೆ ಬಿದ್ದು ಬಿದ್ದು ನಕ್ಕರು. "ಅದು ಕಡಲು, ಅಮ್ಮಾ."

ನಾವು ಕಾಲು ಕೂಡ ತೊಳೆಯಲಿಲ್ಲ. ಮರಗಳ ನಡುವೆ ಓಡಿದೆವು. ಬಿಸಿ ಉಸುಕಿನ ದಿಬ್ಬ ಏರಿದೆವು. ಅಲ್ಲಿ ನಿಂತೆವು.

ಅದನ್ನು ಹೇಗೆ ಹೇಳಬೇಕು ಅನ್ನುವುದು ನನಗೆ ಇವತ್ತಿಗೂ ಗೊತ್ತಿಲ್ಲ. ನೀರು ಕಂಡಿತು ಅಂದರೆ ಸುಳ್ಳು. ಮೊದಲು ನನಗೆ ಕಂಡದ್ದು ಬಯಲು. ಮನೆಯಿಲ್ಲದ, ಗಿಡವಿಲ್ಲದ, ಒಂದು ಕಂಬ ಕೂಡ ಇಲ್ಲದ ಬಯಲು. ಅದು ಇದ್ದಲ್ಲೇ ಉಸಿರಾಡುತ್ತಿತ್ತು. ನಾನು ಆಚೆ ದಂಡೆಯನ್ನು ಹುಡುಕಿದೆ. ಕೆರೆಗೆ ಆಚೆ ದಂಡೆ ಇರುತ್ತದೆ, ಹೊಳೆಗೂ ಇರುತ್ತದೆ. ಎಡಕ್ಕೆ ನೋಡಿದೆ, ಬಲಕ್ಕೆ ನೋಡಿದೆ, ಕೊನೆಗೆ ತುದಿಗಾಲಲ್ಲಿ ನಿಂತು ನೋಡಿದೆ. ಆಚೆ ದಂಡೆಯ ಜಾಗದಲ್ಲಿ ಆಕಾಶ ಬಂದು ಕುಳಿತಿತ್ತು. ಎದೆಯೊಳಗೆ ಏನೋ ಅಗಲವಾಗಿ ತೆರೆದುಕೊಂಡು, ಅದನ್ನು ಮುಚ್ಚುವುದು ಹೇಗೆ ಅಂತ ತಿಳಿಯದೆ ನಾನು ಅಪ್ಪನ ಬೆರಳು ಹಿಡಿದೆ. ಇಡೀ ಮಾರ್ಕೆಟ್ಟಿಗೆ ಕೇಳುವಂತೆ ಮಾತಾಡುವ ಅಪ್ಪ ಬಾಯಿ ತೆರೆದುಕೊಂಡು ಸುಮ್ಮನೆ ನಿಂತಿದ್ದ.

ಆಯಿ ಉಸುಕಿನ ಮೇಲೇ ಮೊಳಕಾಲೂರಿ ನಮಸ್ಕಾರ ಮಾಡಿದಳು. ದಿಬ್ಬ ಇಳಿದು ಹೋಗಿ, ತೆರೆ ಬಂದು ಕಾಲಿಗೆ ತಾಗಿದಾಗ ಬೊಗಸೆಯಲ್ಲಿ ಒಂದಿಷ್ಟು ನೀರು ಹಿಡಿದು ಬಾಯಿಗೆ ಹಾಕಿಕೊಂಡು ಮುಖ ಕಿವಿಚಿದಳು. "ಎವ್ವಾ, ಖರೇನ ಉಪ್ಪೈತಿ! ಇಷ್ಟೂ ನೀರು ಉಪ್ಪು!" ಅವಳಿಗೆ ಆಶ್ಚರ್ಯಕ್ಕಿಂತ ಮರುಕ ಹೆಚ್ಚಾಗಿತ್ತು. ಇಷ್ಟು ನೀರಿದ್ದೂ ಒಂದು ಕೊಡ ತುಂಬಿಕೊಳ್ಳಲಾಗದಲ್ಲ ಅಂತ.

ಮಂಜ್ಯಾ ಸಮುದ್ರಕ್ಕೆ ಬೆರಳು ತೋರಿಸಿ, "ಸುಮ್ಮನಿರು!" ಅಂತ ಗದರಿದ. ಅದು ಸುಮ್ಮನಿರಲಿಲ್ಲ. ಮತ್ತೆ ಗದರಿದ.

ಅವ್ವ ಮಾತ್ರ ದಿಬ್ಬದ ಮೇಲೆಯೇ ಕುಳಿತಳು. ಆ ಸಂಜೆ ನಮ್ಮನ್ನು ಪಾದ ಮುಳುಗುವುದಕ್ಕಿಂತ ಹೆಚ್ಚು ಒಳಗೆ ಬಿಡಲಿಲ್ಲ. ತಾನಂತೂ ಒದ್ದೆ ಉಸುಕಿಗೂ ಕಾಲಿಡಲಿಲ್ಲ.

ಮರುದಿನ ಬೆಳಿಗ್ಗೆ ನಾಯ್ಕರೇ ಬಂದು ಗುಡ್ಡದ ಮಗ್ಗುಲಿನ ಜಾಗ ತೋರಿಸಿದರು. ಅವರ ಊರಿನ ಮಕ್ಕಳು ಆಗಲೇ ನೀರಲ್ಲಿ ಕಿರುಚಾಡುತ್ತಿದ್ದವು. ಅಪ್ಪ ಸೈಕಲ್ ಅಂಗಡಿಯಲ್ಲಿ ಟ್ಯೂಬಿಗೆ ಗಾಳಿ ಹೊಡೆಸಿಕೊಂಡು, ಅದನ್ನು ಹೆಗಲಿಗೆ ಹಾಕಿಕೊಂಡು ಬಂದ. ಧೋತರವನ್ನು ಕಚ್ಚೆ ಕಟ್ಟಿ, ಒಂದು ಕೈಯಲ್ಲಿ ನಾನು, ಇನ್ನೊಂದು ಕೈಯಲ್ಲಿ ಮಂಜ್ಯಾ. ಮೊಳಕಾಲ ತನಕ ನೀರು. ದಂಡೆಯಿಂದ ಅವ್ವ ಕೂಗುತ್ತಿದ್ದಳು. "ಕೈ ಬಿಡಬ್ಯಾಡ್ರಿ! ಅಷ್ಟ ಸಾಕು! ಕೈ ಬಿಡಬ್ಯಾಡ್ರಿ!"

ಟ್ಯೂಬು ಹೆಗಲಿಂದ ಜಾರಿತು. ಅಪ್ಪ ಅದನ್ನು ಹಿಡಿಯಲು ಬಾಗಿದ. ಅಷ್ಟೇ ಸಾಕಾಯಿತು. ಹಿಂದೆ ಸರಿಯುವ ನೊರೆಯನ್ನು ಹಿಡಿಯಬೇಕು ಅಂತ ಮಂಜ್ಯಾ ಓಡಿದ. ಎದುರಿನಿಂದ ಬಂದ ತೆರೆ ಅವನನ್ನು ಕೆಡವಿ ಹೊರಳಿಸಿತು. ನನಗೆ ಅವನ ಕೆಂಪು ಚಡ್ಡಿ ಒಮ್ಮೆ ಕಂಡಿತು, ಆಮೇಲೆ ಕಾಣಲಿಲ್ಲ. ಅಪ್ಪ ಮುಂದೆ ಹಾರಿದವನು ಕಾಲು ಜಾರಿ ನನ್ನನ್ನೂ ಎಳೆದುಕೊಂಡು ಬಿದ್ದ.

ನನ್ನ ಮಗ್ಗುಲಿಂದ ಯಾರೋ ದಾಟಿ ಹೋದರು. ಸೀರೆಯನ್ನು ಮೊಳಕಾಲ ಮೇಲೆ ಸಿಕ್ಕಿಸಿಕೊಂಡ ಅವ್ವ. ತಲೆ ತಗ್ಗಿಸಿ ತೆರೆಯೊಳಗೇ ನುಗ್ಗಿದಳು. ತೆರೆ ಅವಳ ಮೇಲೆ ಮುರಿದು ಬಿತ್ತು. ಅದು ದಾಟಿ ಹೋದಾಗ ಅವ್ವ ಸೊಂಟದ ನೀರಲ್ಲಿ ನಿಂತಿದ್ದಳು, ಮಂಜ್ಯಾ ಅವಳ ಹೆಗಲ ಮೇಲಿದ್ದ. ಕೆಮ್ಮುತ್ತಿದ್ದ, ಉಗುಳುತ್ತಿದ್ದ, ಆಮೇಲೆ ಇಡೀ ದಂಡೆಗೆ ಕೇಳುವಂತೆ ಅತ್ತ. ಆ ಅಳು ಕೇಳಿ ನಮಗೆಲ್ಲ ಜೀವ ಬಂತು.

ಆಯಿ ಓಡಿ ಬಂದು ಅವನನ್ನು ಎತ್ತಿಕೊಂಡು ಸೆರಗಿನಿಂದ ಒರೆಸಿದಳು. ಅಪ್ಪ ಮುಖ ತಗ್ಗಿಸಿ ನಿಂತಿದ್ದ. ಮುಗಿಯಿತು, ಇನ್ನು ಗಂಟು ಮೂಟೆ ಕಟ್ಟಿ ಹೊರಡುವುದೇ ಅಂದುಕೊಂಡೆ. ಎಲ್ಲರೂ ಅದನ್ನೇ ಅಂದುಕೊಂಡಿರಬೇಕು.

ಆದರೆ ಅವ್ವ ನೀರಿನಿಂದ ಬರಲಿಲ್ಲ. ನಮಗೆ ಬೆನ್ನು ಮಾಡಿ, ಸೊಂಟದ ನೀರಲ್ಲಿ ಹಾಗೇ ನಿಂತಿದ್ದಳು. ಒಂದು ತೆರೆ ಬಂತು, ಅವಳು ಸ್ವಲ್ಪ ಮೇಲೆದ್ದು ಇಳಿದಳು. ಇನ್ನೊಂದು ಬಂತು.

"ರತ್ನಾ, ಬಾ. ಹೊರಗ ಬಾ," ಅಪ್ಪ ಕರೆದ. ಹೆಸರು ಹಿಡಿದು ಅವನು ಅವ್ವನನ್ನು ಕರೆದದ್ದನ್ನು ಅಲ್ಲಿಯ ತನಕ ನಾನು ಕೇಳಿರಲಿಲ್ಲ.

ಅವ್ವ ಒಮ್ಮೆ ತಿರುಗಿ ನೋಡಿದಳು. ಆಮೇಲೆ ನೀರಿನ ಮೇಲೆ ಮಲಗಿದಳು.

ಬಿದ್ದಳು ಅಂತ ನಾನು ಚೀರಿದೆ. ಬಿದ್ದಿರಲಿಲ್ಲ. ಅವಳ ಎಡಗೈ ನೀರಿನಿಂದ ಎದ್ದಿತು, ಮುಂದೆ ಹೋಗಿ ಇಳಿಯಿತು. ಬಲಗೈ ಎದ್ದಿತು. ದಿನಾ ರೊಟ್ಟಿ ಬಡಿಯುವ ಆ ಕೈಗಳು, ಬಳೆಗಳ ಸಮೇತ, ಒಂದಾದ ಮೇಲೊಂದು ಬಿಸಿಲಲ್ಲಿ ಹೊಳೆದು ನೀರನ್ನು ಸೀಳುತ್ತಿದ್ದವು. ತೆರೆ ಮುರಿಯುವ ಜಾಗ ದಾಟಿ, ಗುಡ್ಡದ ನೆರಳು ಬೀಳುವ ಶಾಂತ ನೀರಿಗೆ ಹೋದಳು. ಅಲ್ಲಿ ಅಂಗಾತ ತಿರುಗಿ ಮಲಗಿದಳು. ಅವಳ ಸೀರೆಯ ಸೆರಗು ಬಿಚ್ಚಿ ಹಸಿರು ಎಲೆಯ ಹಾಗೆ ಮಗ್ಗುಲಲ್ಲಿ ಹರಡಿತ್ತು. ನಾಯ್ಕರ ಊರಿನ ಮಕ್ಕಳು ಆಟ ನಿಲ್ಲಿಸಿ ನೋಡುತ್ತಿದ್ದವು.

ಅಪ್ಪ ನನ್ನ ಕಡೆ ಬಾಗಿ, ಗುಟ್ಟು ಕೇಳುವಂತೆ ಕೇಳಿದ. "ಗೀತಾ, ನಿಮ್ಮವ್ವಗ ಈಸು ಬರ್ತೈತೇನು?"

ನಾವಿಬ್ಬರೂ ನೋಡುತ್ತ ನಿಂತೆವು. ಹಿಂದಿನ ದಿನ ಸಮುದ್ರ ನೋಡಿ ನಿಂತ ಹಾಗೆಯೇ.

ಸ್ವಲ್ಪ ಹೊತ್ತಿನ ಮೇಲೆ ಅವಳು ಬಂದು ಒದ್ದೆ ಉಸುಕಿನ ಮೇಲೆ ಕುಳಿತಳು. ಕೂದಲಿನಿಂದ ನೀರು ಇಳಿಯುತ್ತಿತ್ತು. ಅಪ್ಪ ಎದುರಿಗೆ ಕುಕ್ಕರಗಾಲಲ್ಲಿ ಕುಳಿತು, "ಎಂದೂ ಹೇಳಲಿಲ್ಲಲ್ಲ?" ಅಂದ.

"ಬ್ಯಾಡಗಿಯಾಗ ಎಲ್ಲಿ ಈಸಲಿ? ಕೊಡದಾಗನ?"

ಅವಳೇ ನಕ್ಕಳು. ಆಮೇಲೆ ನಗು ನಿಲ್ಲಿಸಿ ಹೇಳಿದಳು. ಐರಣಿಯಲ್ಲಿ ಅವಳು ಹುಡುಗರ ಜೊತೆ ಹೊಳೆ ದಾಟುತ್ತಿದ್ದಳಂತೆ. ಹನ್ನೆರಡನೇ ವಯಸ್ಸಿನಲ್ಲಿ ಒಮ್ಮೆ ಸುಳಿಗೆ ಸಿಕ್ಕಳು. "ಕಾಲು ಹಿಡದು ಜಗ್ಗಿದಂಗ ಆತು. ಒಳಗ ಎಲ್ಲಾ ಹಸರ. ಮ್ಯಾಲ ಸೂರ್ಯಾ ಸಣ್ಣ ಬಿಂದಿಗಿ ಬಾಯಿಯಷ್ಟ ಕಾಣತಿದ್ದ. ಇನ್ನ ನಾ ಹೋದ್ಯಾ ಅನಕೊಂಡೆ. ಅಂಬಿಗರ ಕಾಕಾ ಹರಗೋಲಿನಿಂದ ಕೈ ಹಾಕಿ ಜಡಿ ಹಿಡದು ಎತ್ತಿದಾ." ಅದಾದ ಮೇಲೆ ಅವಳು ಹೊಳೆಗೆ ಇಳಿಯಲಿಲ್ಲ. ಯಾರೂ ತಡೆಯಲಿಲ್ಲ, ತಾನೇ ಇಳಿಯಲಿಲ್ಲ. ಕನಸಿನಲ್ಲಿ ಮಾತ್ರ ಆ ಹಸಿರು ಬಣ್ಣ ಬರುತ್ತಿತ್ತಂತೆ.

"ಇವತ್ತ ಮಂಜ್ಯಾನ್ನ ಹಿಡಿಯಾಕ ಹೋದಾಗ ಕಣ್ಣ ಬಿಟ್ಟ ನೋಡಿದೆ," ಅಂದಳು. "ನೀರೊಳಗ ಬರೇ ನೀರು ಐತಿ."

ಅವಳು ಎದ್ದು ಸೆರಗನ್ನು ಬಿಗಿಯಾಗಿ ಸಿಕ್ಕಿಸಿಕೊಂಡು ನನ್ನತ್ತ ಕೈ ಚಾಚಿದಳು.

"ಬಾ. ನೀನಾರ ಕಲಿ."

ಹೆದರಿಕೆ ಅಂದರೆ ಹೆದರಿಕೆ. ಆದರೆ ಅವ್ವ ಸೊಂಟದ ನೀರಲ್ಲಿ ನಿಂತು, ಒಂದು ಅಂಗೈಯನ್ನು ನನ್ನ ಬೆನ್ನ ಕೆಳಗೆ, ಇನ್ನೊಂದನ್ನು ಕತ್ತಿನ ಕೆಳಗೆ ಇಟ್ಟು, "ತಲಿ ಹಿಂದ ಬಿಡು. ಹೆದರಿಕಿ ಬಂದ್ರ ಬರಲಿ, ಮೈ ಬಿಗಿ ಮಾಡಬ್ಯಾಡ," ಅಂದಳು. ಕಿವಿ ನೀರಲ್ಲಿ ಮುಳುಗಿದ ಕೂಡಲೇ ಲೋಕದ ಗದ್ದಲವೆಲ್ಲ ನಿಂತಿತು. ಆಯಿಯ ಕೂಗಿಲ್ಲ, ಮಂಜ್ಯಾನ ಅಳುವಿಲ್ಲ. ನನ್ನ ಉಸಿರು, ಅದರ ಕೆಳಗೆ ಎಲ್ಲೋ ಬಹಳ ಆಳದಲ್ಲಿ ಒಂದು ಗುಡುಗು. ಮೇಲೆ ಆಕಾಶ. ಅವ್ವನ ಮುಖ ನನ್ನ ಮೇಲೆ ಬಾಗಿತ್ತು. ಅವಳ ತುಟಿ ಅಲುಗಿದ್ದು ಕಂಡಿತು, ಮಾತು ಕೇಳಲಿಲ್ಲ. ಆಮೇಲೆ ಅವಳು ಎರಡೂ ಕೈ ಮೇಲೆತ್ತಿ ತೋರಿಸಿದಳು. ಕೈಗಳು ಅಲ್ಲಿ, ಮೇಲೆ ಇದ್ದವು. ನನ್ನ ಕೆಳಗೆ ಏನೂ ಇರಲಿಲ್ಲ, ಆ ಕೊನೆಯಿಲ್ಲದ ನೀರು ಬಿಟ್ಟು. ಅದು ನನ್ನನ್ನು ಹೊತ್ತಿತ್ತು.

ಅಂಥ ಗಳಿಗೆ ನನ್ನ ಬದುಕಿನಲ್ಲಿ ಆಮೇಲೆ ಬಂದಿಲ್ಲ. ಮಕ್ಕಳು ಹುಟ್ಟಿದಾಗ ಅದರ ಹತ್ತಿರ ಹತ್ತಿರ ಬಂದಿತ್ತು.

ಉಳಿದ ದಿನಗಳಲ್ಲಿ ಎಲ್ಲರೂ ನೀರಲ್ಲೇ. ಮಂಜ್ಯಾನನ್ನು ಅವ್ವ ತನ್ನ ಬೆನ್ನಿಗೆ ಅಂಟಿಸಿಕೊಂಡು ಒಳಗೆ ಒಯ್ಯುತ್ತಿದ್ದಳು, ಅವನು ಅಲ್ಲಿಂದಲೇ ತೆರೆಗಳಿಗೆ ಅಪ್ಪಣೆ ಕೊಡುತ್ತಿದ್ದ. ಲಾರಿಯ ಟ್ಯೂಬು ಆಯಿಯ ಪಾಲಾಯಿತು. ಅದರ ನಡುವೆ ಕುಳಿತು, ಕಾಲು ಮೇಲೆತ್ತಿ, ಶಿವ ಶಿವ ಅನ್ನುತ್ತ ತೇಲುವಾಗ ನಾಯ್ಕರ ಹೆಂಡತಿ ನಕ್ಕು ನಕ್ಕು ಉಸುಕಿನಲ್ಲಿ ಕುಸಿದು ಕೂಡುತ್ತಿದ್ದರು. ಮಧ್ಯಾಹ್ನ ಅವರ ಮನೆಯ ದಪ್ಪ ಕೆಂಪಕ್ಕಿಯ ಅನ್ನ, ತೆಂಗಿನಕಾಯಿ ಹಾಕಿದ ಸಾರು, ಅದರ ಜೊತೆಗೆ ನಮ್ಮ ಗುರೆಳ್ಳು ಚಟ್ನಿ. ನಾಯ್ಕರ ಹೆಂಡತಿಗೆ ಆ ಚಟ್ನಿ ಎಷ್ಟು ಹಿಡಿಸಿತೆಂದರೆ ಅವ್ವ ಹೊರಡುವಾಗ ಡಬ್ಬಿಯನ್ನೇ ಬಿಟ್ಟುಬಂದಳು.

ಊರಿಗೆ ಮರಳಿ ಬಸ್ಸಿಳಿದಾಗ ಮೊದಲ ಸಲ ನಾವೆಲ್ಲ ಸೀನಿದೆವು. ಮಾರನೇ ದಿನ ನಳ ಬಂತು, ಅವ್ವ ಕೊಡ ಹಿಡಿದು ಸಾಲಿನಲ್ಲಿ ನಿಂತಳು. ಏನೂ ಆಗಿಲ್ಲವೇನೋ ಅನ್ನುವ ಹಾಗೆ. ಅಪ್ಪ ಮಾತ್ರ ತಿಂಗಳುಗಟ್ಟಲೆ ಮಾರ್ಕೆಟ್ಟಿನಲ್ಲಿ ಚೀಲ ಕೊಳ್ಳಲು ಬಂದವರಿಗೆಲ್ಲ ಹೇಳುತ್ತಿದ್ದ. "ನಮ್ಮ ಮನಿಯಾಕಿ ಸಮುದ್ರ ಈಸತಾಳ್ರಿ." ಯಾರೂ ನಂಬುತ್ತಿರಲಿಲ್ಲ. ಅದರಿಂದ ಅವನ ಹೆಮ್ಮೆ ಇನ್ನಷ್ಟು ಹೆಚ್ಚುತ್ತಿತ್ತು.

ಈಗ ನಾನು ಹಾವೇರಿಯಲ್ಲಿದ್ದೇನೆ, ನನಗೂ ಎರಡು ಸಣ್ಣ ಮಕ್ಕಳು. ಕಳೆದ ಬೇಸಿಗೆಯಲ್ಲಿ ನಮ್ಮ ಮನೆಯಲ್ಲೂ ಯಾವ ಸಮುದ್ರ ಅನ್ನುವ ಮಾತು ಬಂತು. ಗಂಡ ಫೋನಿನಲ್ಲಿ ಒಂದೊಂದೇ ಬೀಚು ತೋರಿಸಿದರು. ಯಾವುದಕ್ಕೆ ಮಂದಿ ಎಷ್ಟು ಚುಕ್ಕಿ ಕೊಟ್ಟಿದ್ದಾರೆ, ಯಾವ ರೂಮಿನಿಂದ ನೀರು ಕಾಣುತ್ತದೆ, ಎಲ್ಲಿ ಕಾವಲಿನವರು ಇರುತ್ತಾರೆ. ಮಕ್ಕಳು ಎಲ್ಲ ವಿಡಿಯೋ ನೋಡಿದರು. ಹೊರಡುವ ಮೊದಲೇ ಅವರಿಗೆ ಸಮುದ್ರ ಎಷ್ಟು ದೊಡ್ಡದು, ಸಂಜೆ ಯಾವ ಬಣ್ಣ ಆಗುತ್ತದೆ ಎಲ್ಲ ಗೊತ್ತಿತ್ತು. ನಾನು ನಾಯ್ಕರಿಗೆ ಫೋನ್ ಮಾಡಿದೆ. ಅವರಿಗೆ ಈಗ ವಯಸ್ಸಾಗಿದೆ, ದನಿ ಮಾತ್ರ ಅದೇ.

"ಮನೆಗೆ ಬನ್ನಿ ತಂಗಿ, ಊಟಕ್ಕೆ ಬನ್ನಿ. ಮಕ್ಕಳನ್ನು ನೀರಿಗೆ ಇಳಿಸೂದಾದರೆ ಬೇರೆ ಕಡೆ ನೋಡಿ. ಇಲ್ಲಿ ಜಾಗ ಉಳೀಲಿಲ್ಲ."

ಮಕ್ಕಳಿಗೆ ಬೇರೊಂದು ಬೀಚು ಆರಿಸಿದೆವು, ಒಳ್ಳೆಯದೇ ಇತ್ತು. ಮಗಳು ದಂಡೆಗೆ ಬಂದು ಒಮ್ಮೆ ನೋಡಿ, "ವಿಡಿಯೋದಾಗ ಇದ್ದಂಗ ಐತಿ," ಅಂದಳು, ಖುಷಿಯಿಂದಲೇ. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ತುದಿಗಾಲಲ್ಲಿ ನಿಂತು ಹುಡುಕುವಂಥದ್ದು ಅವಳಿಗೆ ಏನೂ ಉಳಿದಿರಲಿಲ್ಲ.

ಮರಳಿ ಬರುವಾಗ ನಾಯ್ಕರ ಮನೆಗೆ ಹೋದೆವು. ತೆಂಗಿನ ಮರಗಳಲ್ಲಿ ಮುಂದಿನ ಸಾಲು ಇರಲಿಲ್ಲ. ಉಸುಕಿನ ದಿಬ್ಬ ಇರಲಿಲ್ಲ. ವರ್ಷ ವರ್ಷ ಮಳೆಗಾಲದಲ್ಲಿ ಕಡಲು ಕೊರೆದು ಕೊರೆದು ಮನೆಗಳ ಅಂಗಳದ ಹತ್ತಿರಕ್ಕೆ ಬಂದದ್ದರಿಂದ ಉದ್ದಕ್ಕೂ ದೊಡ್ಡ ದೊಡ್ಡ ಬಂಡೆಗಳನ್ನು ಒಟ್ಟಿದ್ದರು. ತೆರೆ ಬಂದು ಕಲ್ಲಿಗೆ ಬಡಿದು, ನೀರು ನಮ್ಮ ಮುಖಕ್ಕೆ ಸಿಡಿಯಿತು.

ನಾನು ಬ್ಯಾಡಗಿಗೆ ವಿಡಿಯೋ ಕಾಲ್ ಹಚ್ಚಿದೆ. ಅವ್ವ ಕನ್ನಡಕ ಏರಿಸಿಕೊಂಡು ಹತ್ತಿರದಿಂದ ನೋಡಿದಳು. ಮೊಣಕಾಲು ನೋವು, ಈಗ ದೂರದ ಪ್ರಯಾಣ ಅವಳಿಂದ ಆಗುವುದಿಲ್ಲ. ನಾಯ್ಕರ ಹೆಂಡತಿಯ ಜೊತೆ ಒಂದಿಷ್ಟು ನಕ್ಕಳು, ಆಯಿಯನ್ನು ಇಬ್ಬರೂ ನೆನೆದರು. ಆಮೇಲೆ ಕೇಳಿದಳು:

"ನಾ ಇಳಿದ ಜಾಗ ಎಲ್ಲೈತಿ? ತೋರಸು."

ನಾನು ಫೋನನ್ನು ಎಡಕ್ಕೆ ತಿರುಗಿಸಿದೆ, ಬಲಕ್ಕೆ ತಿರುಗಿಸಿದೆ. ಗುಡ್ಡ ಇತ್ತು, ಅದರ ಮಗ್ಗುಲಿಗೆ ಬರೀ ಬಂಡೆ, ಬಂಡೆ. ನಾಯ್ಕರು ಕೋಲೂರಿಕೊಂಡು ನನ್ನ ಮಗ್ಗುಲಿಗೆ ಬಂದು ಬಂಡೆಗಳ ಆಚೆ, ಬಹಳ ಆಚೆ, ತೆರೆಗಳು ಏಳುವ ಕಡೆಗೆ ಕೈ ತೋರಿಸಿದರು. "ಅಲ್ಲಿ. ಆಗಿನ ದಂಡೆ ಈಗ ಅಲ್ಲಿ, ನೀರಿನ ಕೆಳಗೆ."

ನಾನು ಫೋನನ್ನು ಆ ನೀರಿನ ಕಡೆಗೆ ಹಿಡಿದು ನಿಂತೆ. ಅವ್ವ ಕನ್ನಡಕ ತೆಗೆದು, ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡು ನೋಡಿದಳು.

"ಅಷ್ಟೂ ಹೋತೇನು?" ಅಂದಳು ಕೊನೆಗೆ.

"ಹೂಂ ಅವ್ವಾ. ಅಷ್ಟೂ."